ಕೋಲ್‌ಪುಡ್ಡಿಂಗ್: ಕೋಸು ಕೆಂಪಗಾಗೋ ತನಕ ಕಾಯೋ ಅಡುಗೆ

ಮಗ ಸ್ಕೂಲಿಂದ ಬಂದವನು ಶೂ ಬಿಚ್ಚೋಕೆ ಮುಂಚೆನೇ "ಅಮ್ಮ ಇವತ್ತು ಮಧ್ಯಾಹ್ನ ಕೋಲ್‌ಪುಡ್ಡಿಂಗ್ ಇತ್ತು, ನಾನು ಎರಡು ಸಲ ಹಾಕ್ಕೊಂಡೆ, ನೀನೂ ಮಾಡು" ಅಂದ. ಕೋಸಿನ ಪಲ್ಯ ಮಾಡಿದ್ರೆ ತಟ್ಟೆ ಅಂಚಿಗೆ ತಳ್ಳಿ ಕೂರೋ ಹುಡುಗ ಕೋಸಿನ ಅಡುಗೆನ ಎರಡನೇ ಸಲ ಹಾಕ್ಕೊಂಡು ತಿಂದಿದಾನೆ ಅಂದ್ರೆ ಅದರಲ್ಲಿ ಏನೋ ಇದೆ ಅಂತ ಅವತ್ತೇ ಅನ್ನಿಸ್ತು. ನಾವಿರೋದು ಸ್ವೀಡನ್ನಿನ ಯೋತೆಬೊರಿಯಲ್ಲಿ, ಮ್ಯಾಪಲ್ಲಿ ಗೋಥೆನ್‌ಬರ್ಗ್ ಅಂತ ಇರುತ್ತಲ್ಲ ಅದೇ ಊರು, ಪಶ್ಚಿಮ ಕರಾವಳಿ, ಸಮುದ್ರದ ಕಡೆಯಿಂದ ಗಾಳಿ ಮಳೆ ಎರಡೂ ಒಟ್ಟಿಗೇ ಬರೋ ಊರು. ಸಕಲೇಶಪುರದ ಮಳೆ ನೋಡಿ ಬೆಳೆದ ನಂಗೆ ಇಲ್ಲಿನ ಮಳೆ ಅಷ್ಟು ಹೊಸದೇನೂ ಅನ್ನಿಸ್ಲಿಲ್ಲ, ಆದ್ರೆ ಅಕ್ಟೋಬರ್ ಕಳೆದ ಮೇಲೆ ಕತ್ತಲಾಗೋದು ಇದ್ಯಲ್ಲ ಅದಕ್ಕೆ ಇನ್ನೂ ಒಗ್ಗಿಲ್ಲ, ನವೆಂಬರ್ ಕೊನೇಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗಿಬಿಡ್ತಾನೆ. ಆ ಕತ್ತಲಲ್ಲಿ ಮಾಡಿ ತಿನ್ನೋ ಅಡುಗೆ ಇದು.

ಕೋಲ್ ಅಂದ್ರೆ ಸ್ವೀಡಿಷ್‌ನಲ್ಲಿ ಕೋಸು. ಕೋಸು ಕೋಲ್, ಕಿವಿಗೆ ಎಷ್ಟು ಹತ್ತಿರ ನೋಡಿ. ಪುಡ್ಡಿಂಗ್ ಅಂದ ತಕ್ಷಣ ನಾವು ಸಿಹಿ ಅಂದ್ಕೋತೀವಿ, ಇಲ್ಲಿ ಹಾಗಲ್ಲ, ಓವನ್ನಲ್ಲಿಟ್ಟು ಬೇಯಿಸಿ ಗಟ್ಟಿ ಮಾಡಿದ್ದಕ್ಕೆಲ್ಲ ಪುಡ್ಡಿಂಗ್ ಅಂತಾರೆ. ಕೆಳಗೆ ಹುರಿದ ಕೋಸು, ನಡುವೆ ಕೈಮ, ಮೇಲೆ ಮತ್ತೆ ಹುರಿದ ಕೋಸು, ಇಷ್ಟನ್ನ ಒಂದು ಅಗಲದ ಪಾತ್ರೇಲಿ ಇಟ್ಟು ಓವನ್ನಿಗೆ ಹಾಕೋದು. ಜೊತೆಗೆ ಬೇಯಿಸಿದ ಆಲೂಗಡ್ಡೆ, ಕಂದು ಬಣ್ಣದ ಸಾಸು, ಲಿಂಗೊನ್ ಅನ್ನೋ ಕಾಡುಹಣ್ಣಿನ ಜಾಮು. ಅಷ್ಟೇ. ಇಲ್ಲಿನವರು ಇಂಥ ಅಡುಗೆಗೆ ಹೂಸ್‌ಮನ್ಸ್‌ಕೊಸ್ತ್ ಅಂತಾರೆ, ಮನೆ ಊಟ, ದಿನದ ಊಟ, ದುಡಿಯೋರ ಊಟ ಅನ್ನೋ ಅರ್ಥ ಬರುತ್ತೆ. ನಮ್ಮಲ್ಲಿ ಮುದ್ದೆ ಬಸ್ಸಾರು ಇದ್ದ ಹಾಗೆ, ಮದುವೆ ಮನೇಲಿ ಬಡಿಸಲ್ಲ, ಆದ್ರೆ ಊರು ಬಿಟ್ಟು ಹೋದವರು ಮೊದಲು ನೆನೆಸ್ಕೊಳೋದು ಅದನ್ನೇ. ಸ್ಕೂಲ್ ಊಟ ಇಲ್ಲಿ ಮಕ್ಕಳಿಗೆಲ್ಲ ಫ್ರೀ, ಹಾಗಾಗಿ ಇಲ್ಲಿ ಬೆಳೆದವರಿಗೆ ಈ ಪುಡ್ಡಿಂಗ್ ರುಚಿ ಚಿಕ್ಕಂದಿನಿಂದ್ಲೂ ಗೊತ್ತು. ನಮ್ಮನೇಲಿ ದನದ ಮಾಂಸ ತಿನ್ನಲ್ಲ, ಅದನ್ನ ಸ್ಕೂಲಿಗೆ ಬರ್ಕೊಟ್ಟಿದೀವಿ, ಅದಕ್ಕೆ ಮಗನಿಗೆ ಬೇರೆ ಟ್ರೇಯಿಂದ ಸೋಯಾ ಕೈಮ ಹಾಕಿದ್ದು ಸಿಕ್ಕಿತ್ತು. ಅದೇ ಅವನಿಗೆ ಅಷ್ಟು ಹಿಡಿಸಿತ್ತು.

ಮೊದಲನೇ ಸಲ ನಾನು ಮಾಡಿದ್ದು ಕೆಟ್ಟೋಯ್ತು. ಆಫೀಸಿಂದ ಬಂದು ಆರು ಗಂಟೆಗೆ ಶುರು ಮಾಡ್ದೆ, ಏಳಕ್ಕೆ ಊಟ ಹಾಕ್ಬೇಕು ಅನ್ನೋ ಅವಸರ, ಒಂದು ದೊಡ್ಡ ಕೋಸು ಪೂರ್ತಿ ಹೆಚ್ಚಿ ಒಂದೇ ಬಾಣಲೆಗೆ ಸುರಿದೆ, ಉಪ್ಪೂ ಆಗ್ಲೇ ಹಾಕ್ದೆ, ಮೇಲೆ ಮುಚ್ಚಳ ಬೇರೆ. ಪಲ್ಯಕ್ಕೆ ಮಾಡೋ ಹಾಗೆ ಮಾಡ್ದೆ, ಕೈಗೆ ಅದೇ ಅಭ್ಯಾಸ. ಕೋಸು ಬೆಂದು ಮೆತ್ತಗಾಯ್ತು, ನೀರು ಬಿಟ್ಕೊಂಡ್ತು, ಅದನ್ನೇ ಕೈಮದ ಕೆಳಗೂ ಮೇಲೂ ಹಾಕಿ ಓವನ್ನಿಗಿಟ್ಟೆ. ಹೊರಗೆ ತೆಗೆದಾಗ ಪಾತ್ರೆ ತುಂಬ ನೀರು, ಕೈಮ ಆ ನೀರಲ್ಲಿ ತೇಲ್ತಿತ್ತು, ಮನೆಯೆಲ್ಲ ಕೋಸು ಬೆಂದ ವಾಸನೆ, ಆ ಗಂಧಕದ ವಾಸನೆ ಗೊತ್ತಲ್ಲ, ಕೋಸನ್ನ ನೀರಲ್ಲಿ ಹೆಚ್ಚು ಹೊತ್ತು ಬೇಯಿಸಿದಷ್ಟೂ ಜಾಸ್ತಿ ಆಗ್ತಾ ಹೋಗೋದು, ಅದು. ಮಗ ಒಂದು ತುತ್ತು ತಿಂದು "ಇದು ಅದಲ್ಲ ಅಮ್ಮ" ಅಂದ. ಬೇಜಾರಾಯ್ತು.

ನಮ್ಮ ಬಿಲ್ಡಿಂಗಲ್ಲಿ ಬಟ್ಟೆ ಒಗೆಯೋಕೆ ನೆಲಮಾಳಿಗೇಲಿ ಎಲ್ಲರಿಗೂ ಸೇರಿ ಒಂದು ರೂಮಿದೆ, ತ್ವೆತ್‌ಸ್ತೂಗ ಅಂತಾರೆ, ಟೈಮ್ ಬುಕ್ ಮಾಡಿ ಹೋಗ್ಬೇಕು. ನಮ್ಮ ಫ್ಲೋರಲ್ಲೇ ಒಬ್ರು ವಯಸ್ಸಾದವರಿದಾರೆ, ಎಂಬತ್ತು ದಾಟಿದೆ, ನಾವು ಮನೇಲಿ ಅವರನ್ನ ಅಜ್ಜಿ ಅಂತೀವಿ. ಅವರ ಮುಂದೆ ಮಾತ್ರ ಹೆಸರು ಹಿಡಿದು ನೀನು ಅಂತ್ಲೇ ಮಾತಾಡ್ಬೇಕು, ಇಲ್ಲಿ ಎಲ್ಲರಿಗೂ ದೂ ಅನ್ನೋದೇ, ಮಂತ್ರಿಗಾದ್ರೂ ಡಾಕ್ಟರಿಗಾದ್ರೂ, ಗೌರವಕ್ಕೆ ಬೇರೆ ಮಾತೇ ಬಳಸಲ್ಲ. ನಂಗೆ ಅದಿನ್ನೂ ಬಾಯಿಗೆ ಬರಲ್ಲ, ಸ್ವೀಡಿಷ್‌ನಲ್ಲಿ ದೂ ಅಂದ್ರೂ ಮನಸ್ಸಲ್ಲಿ "ನೀವು" ಅಂತ್ಲೇ ಅಂದ್ಕೋತೀನಿ. ಆ ಅಜ್ಜಿ ಸಿಕ್ಕಾಗ ಪುಡ್ಡಿಂಗ್ ಕತೆ ಹೇಳ್ದೆ. ಅವರು ಯಾವ ಮಸಾಲೆ ಹಾಕ್ದೆ ಅಂತ ಕೇಳ್ಲಿಲ್ಲ, ಎಷ್ಟು ಹೊತ್ತು ಓವನ್ನಲ್ಲಿಟ್ಟೆ ಅಂತಾನೂ ಕೇಳ್ಲಿಲ್ಲ. "ಕೋಸು ಯಾವ ಬಣ್ಣಕ್ಕೆ ಬಂದಿತ್ತು?" ಅಂದ್ರು. ನಾನು ಬಿಳಿ ಅಂದೆ. "ಹಾಗಾದ್ರೆ ನೀನಿನ್ನೂ ಶುರುವೇ ಮಾಡಿಲ್ಲ" ಅಂತ ಹೇಳಿ ಭಾನುವಾರ ಬಾ ಅಂದ್ರು.

ಭಾನುವಾರ ಹೋದೆ. ಅಡುಗೆ ಮನೆ ಚಿಕ್ಕದು, ಕಿಟಕಿ ಹತ್ರ ಒಂದು ಮೇಜು, ಎರಡು ಕುರ್ಚಿ, ಒಲೆ ಮೇಲೆ ಒಂದು ಎರಕದ ಕಬ್ಬಿಣದ ಬಾಣಲೆ, ನಮ್ಮಮ್ಮನ ದೋಸೆ ಕಾವಲಿ ಥರ ಎಣ್ಣೆ ಕುಡ್ಕೊಂಡು ಕಪ್ಪಗೆ ಹೊಳೀತಿತ್ತು. ಕೋಸು ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿನೇ ಇತ್ತು. ಬೇಸಿಗೆಯ ಎಳೆ ಕೋಸು ಇದಕ್ಕೆ ಆಗಲ್ವಂತೆ, ಎಲೆ ಸಡಿಲ, ನೀರು ಜಾಸ್ತಿ, ಶರತ್ಕಾಲದಲ್ಲಿ ಬರೋ ಗಟ್ಟಿ ಕೋಸೇ ಬೇಕು, ಕೈಯಲ್ಲಿ ಹಿಡಿದ್ರೆ ಕಲ್ಲಿನ ಥರ ಭಾರ ಇರ್ಬೇಕು. ಮೊದಲಿಗೆ ಚಳಿಗಾಲ ಪೂರ್ತಿ ಇಂಥ ಕೋಸನ್ನ, ಆಲೂಗಡ್ಡೆನ, ಕ್ಯಾರೆಟ್ಟನ್ನ ನೆಲದೊಳಗೆ ತೋಡಿದ ತಣ್ಣನೆ ಕೋಣೇಲಿ ಇಡ್ತಿದ್ರು, ಹಳ್ಳಿ ಕಡೆ ಈಗ್ಲೂ ಆ ನೆಲಗೂಡುಗಳು ಕಾಣ್ತವೆ, ಗುಡ್ಡದ ಮಗ್ಗುಲಲ್ಲಿ ಬಾಗಿಲು ಮಾತ್ರ ಕಾಣೋ ಹಾಗೆ. ಹೊಲದಲ್ಲಿ ಹಸಿರು ಏನೂ ಇಲ್ಲದ ತಿಂಗಳುಗಳಲ್ಲಿ ಕೈಗೆ ಸಿಕ್ತಿದ್ದ ತರಕಾರಿ ಅಂದ್ರೆ ಇವೇ.

ಕೋಸನ್ನ ಅವರು ಸಣ್ಣಗೆ ಹೆಚ್ಚಲಿಲ್ಲ. ನಡುವಿನ ದಿಂಡು ತೆಗೆದು ಎರಡು ಬೆರಳಗಲದ ಚೌಕ ತುಂಡು ಮಾಡಿದ್ರು. ಬಾಣಲೆ ಕಾಯ್ಸಿ ಬೆಣ್ಣೆ ಹಾಕಿದ್ರು, ಬೆಣ್ಣೆ ನೊರೆ ನೊರೆ ಆಗಿ ಸದ್ದು ಮಾಡ್ತಿತ್ತು, ನಾನು ಕೋಸು ಹಾಕೋಕೆ ಕೈ ಎತ್ತಿದೆ, ಅವರು ತಡೆದ್ರು. "ಸದ್ದು ನಿಲ್ಲಲಿ" ಅಂದ್ರು. ಬೆಣ್ಣೇಲಿರೋ ನೀರು ಹಾರ್ತಿರೋವಾಗ ಆ ಸದ್ದು ಬರೋದು, ಅದು ನಿಂತ್ರೆ ಬೆಣ್ಣೆ ನಿಜವಾಗ್ಲೂ ಕಾದಿದೆ ಅಂತ ಅರ್ಥ. ತುಪ್ಪ ಕಾಯ್ಸೋವಾಗ ನಮ್ಮಜ್ಜಿನೂ ಹೀಗೇ ಕಿವಿ ಕೊಟ್ಟು ಕೂತಿರ್ತಿದ್ರು, ಸದ್ದು ನಿಂತ ಮೇಲೆ ಇಳಿಸೋದು. ಆಮೇಲೆ ಕೋಸಿನ ಮೂರನೇ ಒಂದು ಭಾಗ ಮಾತ್ರ ಹಾಕಿದ್ರು, ಬಾಣಲೆ ತಳ ಅಲ್ಲಲ್ಲಿ ಕಾಣೋ ಅಷ್ಟು. ಮುಚ್ಚಳ ಇಲ್ಲ, ಉಪ್ಪಿಲ್ಲ. ಮತ್ತೆ ಸುಮ್ನೆ ನಿಂತ್ರು. ನಂಗೆ ಕೈ ತಡೆಯೋಕಾಗ್ತಿಲ್ಲ, ಸೌಟು ಹಾಕಿ ತಿರುಗಿಸ್ಬೇಕು ಅನ್ಸುತ್ತೆ, ಅವರು ಬಿಡ್ತಿಲ್ಲ. ಎರಡು ಮೂರು ನಿಮಿಷ ಆದ್ಮೇಲೆ ಒಂದು ಸಲ ತಿರುವಿದ್ರು, ಕೆಳಗಿನ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಮತ್ತೆ ಬಿಟ್ರು. ಹೀಗೆ ಒಂದೊಂದು ಪಾಲಿಗೂ ಹತ್ತು ಹನ್ನೆರಡು ನಿಮಿಷ, ಮೂರು ಪಾಲು ಸೇರಿ ಮುಕ್ಕಾಲು ಗಂಟೆ ಹತ್ರ ಹತ್ರ ಬರೀ ಕೋಸು ಹುರಿಯೋದರಲ್ಲೇ ಹೋಯ್ತು. ಪಾತ್ರೆ ತುಂಬ ಇದ್ದ ಕೋಸು ಕೊನೆಗೆ ಅರ್ಧಕ್ಕಿಳಿದಿತ್ತು.

ಕಡೇಲಿ ಎಲ್ಲ ಕೋಸನ್ನೂ ಒಟ್ಟಿಗೆ ಬಾಣಲೆಗೆ ಹಾಕಿ ಎರಡು ಟೇಬಲ್ ಸ್ಪೂನ್ ಸೀರಪ್ ಸುರಿದ್ರು. ಈ ಸೀರಪ್ಪು ಸಕ್ಕರೆಯಿಂದ ಮಾಡಿದ್ದು, ಜೇನಿನ ಥರ ಮಂದ, ತಿಳಿ ಬಣ್ಣದ್ದೂ ಇರುತ್ತೆ, ಕಪ್ಪಗಿರೋದೂ ಇರುತ್ತೆ. ಅವರು ಹಾಕಿದ್ದು ಕಪ್ಪು. ಹಾಕಿದ ಒಂದೆರಡು ನಿಮಿಷಕ್ಕೆ ಕೋಸಿನ ಅಂಚುಗಳು ಹೊಳೆಯೋಕೆ ಶುರುವಾಯ್ತು, ಮನೆಯಲ್ಲಿ ಬಂದ ಪರಿಮಳ ಇದ್ಯಲ್ಲ, ಬೆಲ್ಲದ ಪಾಕ ಸ್ವಲ್ಪ ಮುಂದಕ್ಕೆ ಹೋದಾಗ ಬರುತ್ತಲ್ಲ ಅದರ ಜೊತೆ ಬೆಣ್ಣೆ ಕಾಯ್ಸಿದ ಪರಿಮಳ. ಕೋಸಿನ ಆ ಕೆಟ್ಟ ವಾಸನೆ ಒಂಚೂರೂ ಇಲ್ಲ. ಒಂದು ತುಂಡು ಬಾಯಿಗೆ ಹಾಕ್ಕೊಂಡು ನಾನು ಸುಮ್ನೆ ನಿಂತ್ಬಿಟ್ಟೆ, ಇದು ಕೋಸಾ ಅಂತ.

ಆಮೇಲೆ ಯೋಚನೆ ಮಾಡಿದ್ರೆ ಇದರ ಹಿಂದಿರೋ ವಿಷಯ ತುಂಬ ಸರಳ. ಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರು. ನೀರಿರೋ ತನಕ ಬಾಣಲೆಯೊಳಗಿನ ಶಾಖ 100 ಡಿಗ್ರಿ ದಾಟಲ್ಲ, ಕೋಸು ಬೇಯುತ್ತೆ ಅಷ್ಟೇ, ಕೆಂಪಾಗಲ್ಲ. ಬಣ್ಣ, ಪರಿಮಳ, ಆ ಸಿಹಿ ಕಹಿ ಸೇರಿದ ರುಚಿ ಹುಟ್ಟೋಕೆ ಅದಕ್ಕಿಂತ ತುಂಬ ಜಾಸ್ತಿ, ಸುಮಾರು 140 ಡಿಗ್ರಿ ಮೇಲೆ ಬೇಕು. ಒಟ್ಟಿಗೇ ಎಲ್ಲ ಸುರಿದ್ರೆ ಆವಿ ಹೊರಗೆ ಹೋಗೋಕೆ ಜಾಗ ಇಲ್ಲ, ಉಪ್ಪು ಮೊದಲೇ ಹಾಕಿದ್ರೆ ನೀರು ಇನ್ನೂ ಬೇಗ ಹೊರಗೆ ಬರುತ್ತೆ, ಮುಚ್ಚಳ ಮುಚ್ಚಿದ್ರೆ ಆವಿ ವಾಪಸ್ ಬೀಳುತ್ತೆ. ಮೂರನ್ನೂ ನಾನು ಮೊದಲನೇ ಸಲ ಮಾಡಿದ್ದೆ.

ಇಲ್ಲಿಗೆ ಬಂದ ನಮ್ಮೋರು ಸುಮಾರು ಜನ ಹೇಳೋ ಮಾತು, ಇಲ್ಲಿನ ಊಟ ಸಪ್ಪೆ, ಏನೂ ಹಾಕಲ್ಲ, ಉಪ್ಪು ಮೆಣಸು ಬಿಟ್ರೆ ಬೇರೆ ಗೊತ್ತೇ ಇಲ್ಲ ಅವರಿಗೆ ಅಂತ. ನಾನೂ ಹೇಳ್ತಿದ್ದೆ. ಈಗ ಹೇಳಲ್ಲ. ಮಾಂಸದ ಸಾರಿಗೆ ಈರುಳ್ಳಿ ಹುರಿಯೋವಾಗ ನಾವೂ ಇದನ್ನೇ ಮಾಡ್ತೀವಿ ಅಲ್ವಾ, ಈರುಳ್ಳಿ ಕೆಂಪಗಾಗ್ದೆ ಮಸಾಲೆ ಹಾಕಿದ್ರೆ ಅಮ್ಮ ಬೈತಿದ್ರು, ಹಸಿ ವಾಸನೆ ಹೋಗಿಲ್ಲ ಇನ್ನೂ ಹುರಿ ಅಂತ. ನಮಗೆ ಅದು ಮೊದಲನೇ ಮೆಟ್ಟಿಲು, ಅದರ ಮೇಲೆ ಧನಿಯಾ ಚಕ್ಕೆ ಲವಂಗ ತೆಂಗಿನಕಾಯಿ ಅಂತ ಕಟ್ಟುತ್ತಾ ಹೋಗ್ತೀವಿ. ಇವರು ಆ ಮೊದಲನೇ ಮೆಟ್ಟಿಲ ಮೇಲೇ ಇಡೀ ಅಡುಗೆ ನಿಲ್ಲಿಸ್ತಾರೆ, ಅದಕ್ಕೇ ಅಲ್ಲಿ ತಪ್ಪಿದ್ರೆ ಮುಚ್ಚೋಕೆ ಬೇರೇನೂ ಇರಲ್ಲ. ಖಾರದ ಪುಡಿ ಹಾಕಿ ಸರಿ ಮಾಡ್ತೀನಿ ಅನ್ನೋ ದಾರಿನೇ ಇಲ್ಲ. ಇದು ಕಷ್ಟದ ಅಡುಗೆ ಅಂತ ನಂಗನ್ಸುತ್ತೆ, ಕಡಿಮೆ ಸಾಮಾನು ಇರೋದ್ರಿಂದ್ಲೇ ಕಷ್ಟ.

ಮಸಾಲೆ ಇಲ್ವೇ ಇಲ್ಲ ಅಂತಾನೂ ಅಲ್ಲ. ಬಿಳಿ ಮೆಣಸು ಹಾಕ್ತಾರೆ, ಕ್ರಿದ್‌ಪೆಪ್ಪರ್ ಅಂತ ಇನ್ನೊಂದು, ನಮ್ಮಲ್ಲಿ ಆಲ್‌ಸ್ಪೈಸ್ ಅಂತ ಸಿಗುತ್ತೆ, ಲವಂಗ ಚಕ್ಕೆ ಜಾಯಿಕಾಯಿ ಮೂರೂ ಒಂದೇ ಕಾಳಲ್ಲಿ ಇದ್ದ ಹಾಗಿರುತ್ತೆ ಅದರ ಪರಿಮಳ. ಬಿಳಿ ಮೆಣಸು ಅಂದ್ರೆ ಬೇರೆ ಬಳ್ಳಿ ಅಲ್ಲ, ನಮ್ಮ ತೋಟದ್ದೇ ಮೆಣಸು, ಹಣ್ಣಾಗೋಕೆ ಬಿಟ್ಟು, ನೀರಲ್ಲಿ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಿದ್ದು, ಮಲೆನಾಡಲ್ಲಿ ಬೋಳುಕಾಳು ಅಂತಾರಲ್ಲ ಅದು. ಊರಲ್ಲಿ ಕರಿ ಮೆಣಸೇ ಬಳಸೋದು, ಬೋಳುಕಾಳಿಗೆ ನಮ್ಮನೆ ಅಡುಗೇಲಿ ಅಷ್ಟು ಜಾಗ ಇರ್ಲಿಲ್ಲ, ಅದರ ರುಚಿ ಸರಿಯಾಗಿ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಅಜ್ಜಿಗೆ ಈ ಬಳ್ಳಿ ಕಾಫಿ ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿರೋ ಫೋಟೋ ತೋರಿಸ್ದೆ. ಅವರು ಕನ್ನಡಕ ಹಾಕ್ಕೊಂಡು ತುಂಬ ಹೊತ್ತು ನೋಡಿದ್ರು, ಅರವತ್ತು ವರ್ಷದಿಂದ ಬಳಸ್ತಿದೀನಿ ಗಿಡ ಹೇಗಿರುತ್ತೆ ಅಂತ ಇವತ್ತು ನೋಡ್ದೆ ಅಂದ್ರು.

ಇನ್ನು ಕೈಮ. ಇಲ್ಲಿನ ಅಂಗಡೀಲಿ ದನದ್ದೂ ಹಂದೀದೂ ಬೆರೆಸಿದ ಕೈಮಾನೇ ಪ್ಯಾಕೆಟ್ಟಲ್ಲಿ ಸಿಗುತ್ತೆ, ಬ್ಲಾಂಡ್‌ಫ್ಯಾಶ್ ಅಂತ, ಈ ಅಡುಗೆಗೆ ಎಲ್ಲರೂ ಹಾಕೋದು ಅದನ್ನೇ. ನಾನು ಅರ್ಧ ಹಂದಿ ಕೈಮ ಅರ್ಧ ಕುರಿ ಕೈಮ ಹಾಕ್ತೀನಿ. ಹಂದಿಯ ಕೊಬ್ಬು ಬೇಕೇ ಬೇಕು, ಬರೀ ಕುರಿ ಹಾಕಿದ್ರೆ ಸ್ವಲ್ಪ ಒರಟಾಗುತ್ತೆ. ಅರ್ಧ ಕೆಜಿ ಕೈಮಕ್ಕೆ ಒಂದು ಡೆಸಿಲೀಟರ್ ಬ್ರೆಡ್ ಪುಡಿ, ಎರಡು ಡೆಸಿಲೀಟರ್ ಹಾಲು, ಒಂದು ಮೊಟ್ಟೆ, ಬೆಣ್ಣೇಲಿ ಬಾಡಿಸಿದ ಒಂದು ಈರುಳ್ಳಿ, ಒಂದೂವರೆ ಟೀ ಸ್ಪೂನ್ ಉಪ್ಪು, ಬಿಳಿ ಮೆಣಸಿನ ಪುಡಿ ಎರಡು ಚಿಟಿಕೆ, ಆಲ್‌ಸ್ಪೈಸ್ ಎರಡು ಚಿಟಿಕೆ. ಡೆಸಿಲೀಟರ್ ಅಂದ್ರೆ ಗಾಬರಿ ಬೇಡ, 100 ಮಿಲಿ ಅಷ್ಟೇ. ಇಲ್ಲಿ ಅಡುಗೆ ಪೂರ್ತಿ ಅಳತೇಲೇ ನಡೆಯೋದು, ಒಂದು ಬಳೆಗೆ ಪೋಣಿಸಿದ ನಾಲ್ಕು ಅಳತೆ ಚಮಚ ಎಲ್ಲರ ಮನೇಲೂ ಇರುತ್ತೆ, ದೊಡ್ಡದು 100 ಮಿಲಿ, ಆಮೇಲೆ 15, ಆಮೇಲೆ 5, ಕೊನೇದು 1 ಮಿಲಿ, ಆ ಒಂದು ಮಿಲಿಯದ್ದಕ್ಕೆ ಮಸಾಲೆ ಅಳತೆ ಅಂತ್ಲೇ ಹೆಸರು.

ಬ್ರೆಡ್ ಪುಡಿನ ನೇರವಾಗಿ ಕೈಮಕ್ಕೆ ಸುರೀಬಾರದು. ಮೊದಲು ಹಾಲಲ್ಲಿ ಹತ್ತು ನಿಮಿಷ ನೆನೆಯೋಕೆ ಬಿಡ್ಬೇಕು, ಅದು ಉಬ್ಬಿ ಗಂಜಿ ಥರ ಆದ್ಮೇಲೆ ಕೈಮಕ್ಕೆ ಬೆರೆಸೋದು. ಒಣಪುಡಿ ಹಾಕಿದ್ರೆ ಅದು ಮಾಂಸದ ರಸ ಹೀರ್ಕೊಂಡು ಗಟ್ಟಿ ಮಾಡುತ್ತೆ, ನೆನೆಸಿ ಹಾಕಿದ್ರೆ ರಸನ ಒಳಗೇ ಹಿಡ್ಕೊಳುತ್ತೆ. ನಮ್ಮ ಕೈಮ ಉಂಡೆಗೆ ಹುರಿಗಡಲೆ ಪುಡಿ ಹಾಕ್ತೀವಲ್ಲ, ಅಲ್ಲೂ ಕೆಲಸ ಇದೇ, ಉಂಡೆ ಸಾರಲ್ಲಿ ಒಡೆದು ಹೋಗದ ಹಾಗೆ ಹಿಡಿಯೋದು. ಆದ್ರೆ ಉಂಡೆಗೆ ಗಟ್ಟಿ ಬೇಕು, ಇಲ್ಲಿ ಅಷ್ಟು ಗಟ್ಟಿ ಬೇಡ, ಕೈಮ ಕಲಸಿದಾಗ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಮಂದ ಅನ್ನೋ ಹಾಗಿರ್ಬೇಕು, ಚಮಚದಲ್ಲಿ ಹರಡೋಕಾಗ್ಬೇಕು. ಮೊದಲ ಸಲ ನೋಡಿದವರಿಗೆ ಇದು ತೀರಾ ನೀರಾಯ್ತು ಅನ್ಸುತ್ತೆ. ಆಗಿಲ್ಲ, ಓವನ್ನಲ್ಲಿ ಸರಿ ಹೋಗುತ್ತೆ. ಕೆಲವರು ಬ್ರೆಡ್ ಪುಡಿ ಬದಲು ಬೇಯಿಸಿದ ಅನ್ನ ಹಾಕ್ತಾರೆ, ಅದೂ ಚೆನ್ನಾಗೇ ಇರುತ್ತೆ.

ಪದರದ ವಿಷಯದಲ್ಲಿ ಎರಡು ಪಂಗಡ. ಅಜ್ಜಿ ಕೋಸು, ಕೈಮ, ಕೋಸು ಅಂತ ಬೇರೆ ಬೇರೆ ಪದರ ಮಾಡೋರು. ಇನ್ನು ಕೆಲವರು ಹುರಿದ ಕೋಸನ್ನ ಕೈಮದ ಜೊತೆ ಕಲಸಿಬಿಡ್ತಾರೆ, ನೂರಾರು ಮಕ್ಕಳಿಗೆ ಮಾಡೋ ಸ್ಕೂಲ್ ಅಡುಗೆ ಮನೇಲಿ ಅದೇ ಸುಲಭ. ನಂಗೆ ಪದರದ್ದೇ ಇಷ್ಟ, ಯಾಕಂದ್ರೆ ಮೇಲಿನ ಕೋಸು ಓವನ್ನಲ್ಲಿ ಇನ್ನೊಂದು ಸಲ ಸುಟ್ಟು ಅಂಚೆಲ್ಲ ಗರಿಗರಿ ಆಗುತ್ತೆ, ಕೆಳಗಿನ ಕೋಸು ಮಾಂಸದ ರಸ ಕುಡಿದು ಮೆತ್ತಗೆ ಜೇನಿನ ಥರ ಆಗುತ್ತೆ, ಒಂದೇ ಕೋಸಿಗೆ ಎರಡು ರುಚಿ. ಮೇಲೆ ಚೂರು ಚೂರು ಬೆಣ್ಣೆ ಇಟ್ಟು, ಬೇಕಿದ್ರೆ ಇನ್ನೊಂದು ಸ್ಪೂನ್ ಸೀರಪ್ಪನ್ನ ಎಳೆ ಎಳೆಯಾಗಿ ಬಿಟ್ಟು, ಬದಿಯಿಂದ ಎರಡು ಡೆಸಿಲೀಟರ್ ಸ್ಟಾಕ್, ಅಂದ್ರೆ ಮಾಂಸ ಅಥವಾ ತರಕಾರಿ ಬೇಯಿಸಿದ ತಿಳಿ ರಸ, ಹಾಕಿ 200 ಡಿಗ್ರಿಗೆ ಕಾದಿರೋ ಓವನ್ನಿನ ನಡುಗಟ್ಟೇಲಿ 45 ನಿಮಿಷ. ಮೇಲೆ ಬೇಗ ಕಪ್ಪಾಗ್ತಿದೆ ಅನ್ನಿಸಿದ್ರೆ ಫಾಯಿಲ್ ಮುಚ್ಚಿ. ಕೈಮ ಒಳಗೆ 70 ಡಿಗ್ರಿ ಮುಟ್ಟಿರ್ಬೇಕು, ಥರ್ಮಾಮೀಟರ್ ಇಲ್ಲ ಅಂದ್ರೆ ನಡುವೆ ಚಾಕು ಚುಚ್ಚಿ ನೋಡಿ, ಬರೋ ರಸ ತಿಳಿಯಾಗಿರ್ಬೇಕು, ಕೆಂಪಿರಬಾರದು. ತೆಗೆದ ತಕ್ಷಣ ಕುಯ್ಯೋಕೆ ಹೋಗ್ಬೇಡಿ, ಹತ್ತು ನಿಮಿಷ ಬಿಟ್ರೆ ರಸ ಒಳಗೆ ಕೂತು ಚೌಕ ಚೌಕವಾಗಿ ಎದ್ದು ಬರುತ್ತೆ.

ಪಾತ್ರೆ ಬದಿಯಲ್ಲಿ ಉಳಿದ ರಸನ ಒಂದು ಚಿಕ್ಕ ಪಾತ್ರೆಗೆ ಬಗ್ಗಿಸಿ, ಮೈದಾ ಒಂದು ಸ್ಪೂನ್ ಕರಗಿಸಿ, ಕ್ರೀಮ್ ಹಾಕಿ ಕುದಿಸಿದ್ರೆ ಸಾಸು ಆಯ್ತು. ಬಣ್ಣಕ್ಕೆ ಸೋಯಾ ಸಾಸು ನಾಲ್ಕು ಹನಿ, ಹೌದು ಸೋಯಾ ಸಾಸೇ, ಇಲ್ಲಿನ ಹಳೇ ಕಾಲದ ಹೆಂಗಸರೂ ಕಂದು ಸಾಸಿಗೆ ಅದನ್ನ ಹಾಕೋರೇ. ಆಲೂಗಡ್ಡೆ ಸಿಪ್ಪೆ ತೆಗೆದು ಉಪ್ಪು ನೀರಲ್ಲಿ ಬೇಯಿಸಿ ಹಾಗೇ ಇಡೋದು, ಒಗ್ಗರಣೆ ಏನಿಲ್ಲ. ಹಾಸನ ಜಿಲ್ಲೆಯವಳಿಗೆ ಆಲೂಗಡ್ಡೆ ಬಗ್ಗೆ ಯಾರೂ ಹೇಳ್ಕೊಡಬೇಕಿಲ್ಲ, ಆದ್ರೂ ಬರೀ ಉಪ್ಪಲ್ಲಿ ಬೇಯಿಸಿದ ಆಲೂಗಡ್ಡೆಗೂ ಅದರದ್ದೇ ಒಂದು ಪರಿಮಳ ಇರುತ್ತೆ ಅಂತ ಗಮನ ಕೊಟ್ಟು ತಿಂದಿದ್ದು ಇಲ್ಲೇ.

ಲಿಂಗೊನ್ ಇಲ್ದೆ ಮಾತ್ರ ಇದನ್ನ ತಿನ್ನಬೇಡಿ. ಪೈನ್ ಕಾಡಿನ ನೆಲದಲ್ಲಿ ಮೊಣಕಾಲಿಗಿಂತ ಕೆಳಗೆ ಬೆಳೆಯೋ ಗಿಡ, ಕಡಲೆಕಾಳಿನಷ್ಟು ದಪ್ಪ ಕೆಂಪು ಹಣ್ಣು, ಹುಳಿ, ಹಿಂದೆ ಸ್ವಲ್ಪ ಕಹಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ಸಿಗುತ್ತೆ. ಇಲ್ಲಿ ಕಾಡಿಗೆ ಯಾರು ಬೇಕಾದ್ರೂ ಹೋಗಿ ಹಣ್ಣು ಅಣಬೆ ಆರಿಸ್ಕೋಬಹುದು, ಆ ಕಾಡು ಬೇರೆಯವರದ್ದಾದ್ರೂ ಸರಿ, ಮನೆ ಅಂಗಳಕ್ಕೆ ನುಗ್ಗಬಾರದು, ಹಾಳು ಮಾಡಬಾರದು ಅಷ್ಟೇ, ಅದಕ್ಕೆ ಎಲ್ಲರ ಹಕ್ಕು ಅಂತ್ಲೇ ಹೆಸರು. ಭಾನುವಾರ ಬಕೆಟ್ ಹಿಡ್ಕೊಂಡು ಹೋಗೋ ಸಂಸಾರಗಳನ್ನ ನೋಡಿದ್ರೆ ನಂಗೆ ಊರಲ್ಲಿ ಕವಳೆ ಹಣ್ಣಿಗೆ, ನೇರಳೆ ಹಣ್ಣಿಗೆ ಬೇಲಿ ಸಾಲು ಹುಡುಕ್ಕೊಂಡು ಹೋಗ್ತಿದ್ದದ್ದು ನೆನಪಾಗುತ್ತೆ. ಲಿಂಗೊನ್‌ನ ಕುದಿಸೋದೂ ಬೇಡ, ಸಕ್ಕರೆ ಹಾಕಿ ಕರಗೋ ತನಕ ತಿರುಗಿಸಿ ಬಾಟ್ಲಿಗೆ ತುಂಬಿದ್ರೆ ಆಯ್ತು, ಹಣ್ಣಲ್ಲೇ ಬೆಂಜೋಯಿಕ್ ಆಸಿಡ್ ಇರೋದ್ರಿಂದ ಸುಲಭಕ್ಕೆ ಕೆಡಲ್ಲ. ಮೊದಲಿಗೆ ಸಕ್ಕರೆ ದುಬಾರಿ ಇದ್ದಾಗ ಬರೀ ನೀರಲ್ಲಿ ಮುಳುಗಿಸಿ ಚಳಿಗಾಲಕ್ಕೆ ಇಡ್ತಿದ್ರಂತೆ. ಹುರಿದ ಕೋಸಿನ ಸಿಹಿ, ಮಾಂಸದ ಕೊಬ್ಬು, ಎರಡರ ನಡುವೆ ಈ ಹುಳಿ ಬಂದಾಗ ಮುಂದಿನ ತುತ್ತು ತಾನಾಗೇ ಒಳಗೆ ಹೋಗುತ್ತೆ. ಊಟದ ಜೊತೆ ಉಪ್ಪಿನಕಾಯಿ ನೆಕ್ಕೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ.

ಈ ಅಡುಗೆಗೆ ಒಂದು ಅಕ್ಕ ಇದೆ, ಕೋಲ್‌ಡೋಲ್ಮ. ಇದೇ ಕೈಮಕ್ಕೆ ಅನ್ನ ಸೇರಿಸಿ, ಕೋಸಿನ ಎಲೆ ಬೇಯಿಸಿ ಅದರಲ್ಲಿ ಒಂದೊಂದಾಗಿ ಸುತ್ತಿ, ಬೆಣ್ಣೆ ಸೀರಪ್ಪಲ್ಲಿ ಕೆಂಪಗೆ ಮಾಡೋದು. ಡೋಲ್ಮ ಅನ್ನೋ ಮಾತು ಟರ್ಕಿಯದ್ದು, ತುಂಬಿದ್ದು ಅಂತ ಅರ್ಥ. ಟರ್ಕಿ ಎಲ್ಲಿ ಸ್ವೀಡನ್ ಎಲ್ಲಿ ಅಂತ ಕೇಳಿದ್ರೆ ಅಜ್ಜಿ ಅವರ ರಾಜನ ಕತೆ ಹೇಳಿದ್ರು. ಹನ್ನೆರಡನೇ ಕಾರ್ಲ್ ಅಂತ ರಾಜ, ರಷ್ಯಾದ ಪೀಟರನ ಮೇಲೆ ದಂಡೆತ್ತಿ ಹೋಗಿ 1709ರಲ್ಲಿ ಪೊಲ್ಟಾವದಲ್ಲಿ ಸೋತ, ಉಳಿದವರನ್ನ ಕಟ್ಕೊಂಡು ದಕ್ಷಿಣಕ್ಕೆ ಓಡಿ ಆಟೊಮನ್ ಸುಲ್ತಾನನ ರಾಜ್ಯದ ಬೆಂಡರ್ ಊರಲ್ಲಿ ಬಿಡಾರ ಹೂಡಿದ, ಈಗ ಅದು ಮಾಲ್ಡೋವಾದಲ್ಲಿದೆ. ಅಲ್ಲೇ ವರ್ಷಗಟ್ಟಲೆ ಕೂತ, ಸಾಲ ಮಾಡಿದ. ಕೊನೆಗೆ 1713ರಲ್ಲಿ ಆತಿಥ್ಯ ಕೊಟ್ಟವರಿಗೇ ಸಾಕಾಗಿ ಹೊಡೆದಾಟವೇ ಆಯ್ತು. ಜನಜಂಗುಳಿ ಅನ್ನೋ ಅರ್ಥದ ಕಲಬಲಿಕ್ ಅನ್ನೋ ಟರ್ಕಿ ಮಾತು ಆಗ ಸ್ವೀಡಿಷ್‌ಗೆ ಬಂದು ಸೇರ್ಕೊಂಡ್ತು, ಗದ್ದಲ ಅನ್ನೋ ಅರ್ಥದಲ್ಲಿ ಇವತ್ತಿಗೂ ಬಳಸ್ತಾರೆ, ನಮ್ಮ ಗಲಿಬಿಲಿ ಥರನೇ ಕೇಳ್ಸುತ್ತೆ. 1714ರಲ್ಲಿ ರಾಜ ಹೊರಟ, ಸಾಲ ಕೊಟ್ಟವರು ಹಣ ವಸೂಲಿಗೆ ಅವನ ಹಿಂದೆ ಸ್ವೀಡನ್ ತನಕ ಬಂದ್ರು. ಹೋಗಿ ಬಂದ ಈ ಜನರ ಜೊತೆ ಡೋಲ್ಮನೂ ಬಂತು ಅಂತ ಹೇಳ್ತಾರೆ. 18ನೇ ಶತಮಾನದಲ್ಲಿ ಇಲ್ಲಿ ಮನೆ ಮನೇಲೂ ಹೆಸರಾಗಿದ್ದ ಕಾಯ್ಸಾ ವಾರ್ಗ್ ಅನ್ನೋರ ಅಡುಗೆ ಪುಸ್ತಕದಲ್ಲಿ ದ್ರಾಕ್ಷಿ ಎಲೇಲಿ ಸುತ್ತೋ ಡೋಲ್ಮ ಇದೆ. ಆದ್ರೆ ಈ ಚಳೀಲಿ ದ್ರಾಕ್ಷಿ ಎಲೆ ಎಲ್ಲಿಂದ ತರೋದು, ಎಲ್ಲರ ಮನೇಲೂ ಇದ್ದದ್ದು ಕೋಸು. ಆ ರಾಜ 1718ರಲ್ಲಿ ಸತ್ತ ದಿನ, ಇಲ್ಲಿನ ಆಗಿನ ಕ್ಯಾಲೆಂಡರ್ ಪ್ರಕಾರ ನವೆಂಬರ್ 30, ಅವತ್ತನ್ನ ಈಗ ಕೋಲ್‌ಡೋಲ್ಮದ ದಿನ ಅಂತ ಆಚರಿಸ್ತಾರೆ. ಹೊರಗಿನಿಂದ ಬಂದ ಅಡುಗೆ ಒಂದು ದೇಶದ ಮನೆ ಊಟ ಆಗೋ ಬಗೆ ಇದು, ಪರದೇಶದಲ್ಲಿ ಮನೆ ಕಟ್ಕೊಂಡಿರೋ ನಮ್ಮಂಥೋರಿಗೆ ಈ ಕತೆ ಕೇಳಿದ್ರೆ ಮನಸ್ಸಿಗೆ ಒಂಥರ ಹಿತ ಆಗುತ್ತೆ.

ಪುಡ್ಡಿಂಗ್ ಅಂದ್ರೆ ಡೋಲ್ಮನ ಸುತ್ತೋ ಕೆಲಸ ಬಿಟ್ಟು ಪದರ ಮಾಡಿದ್ದು ಅಂತ ಅಜ್ಜಿ ಹೇಳೋದು. ವಾರದ ದಿನಕ್ಕೆ ಪುಡ್ಡಿಂಗ್, ನೆಂಟರು ಬಂದ್ರೆ ಡೋಲ್ಮ.

ಹೋದ ಬೇಸಿಗೆ ರಜಕ್ಕೆ ಊರಿಗೆ ಹೋದಾಗ ಅಮ್ಮನಿಗೆ ಮಾಡಿ ತೋರಿಸ್ದೆ. ಚಿಕ್ಕ ಓಟಿಜಿ, ಅಂದ್ರೆ ಕರೆಂಟಿನ ಓವನ್, ಇತ್ತು. ಮಟನ್ ಅಂಗಡೀಲಿ ಸ್ವಲ್ಪ ಕೊಬ್ಬು ಸೇರಿಸಿ ಕೈಮ ಹೊಡೆಸ್ಕೊಂಡು ಬಂದೆ, ಬರೀ ಮಟನ್ ಆದ್ರಿಂದ ಬೆಣ್ಣೆ ಒಂದು ಸ್ಪೂನ್ ಜಾಸ್ತಿ ಕಲಸ್ದೆ. ಸೀರಪ್ ಎಲ್ಲಿ ತರೋದು ಅಂತ ಯೋಚನೆ ಮಾಡ್ತಿದ್ದಾಗ ಅಟ್ಟದ ಮೇಲೆ ಜೋನಿ ಬೆಲ್ಲದ ಡಬ್ಬ ಕಣ್ಣಿಗೆ ಬಿತ್ತು, ಅದನ್ನೇ ಹಾಕ್ದೆ. ಇದನ್ನ ಬರೆಯೋಕೆ ಕೂತಿದ್ದೇ ಮುಖ್ಯವಾಗಿ ಇದನ್ನ ಹೇಳೋಕೆ ಅನ್ಕೊಳಿ, ಜೋನಿ ಬೆಲ್ಲ ಇಲ್ಲಿನ ಕಪ್ಪು ಸೀರಪ್ಪಿಗಿಂತ ಚೆನ್ನಾಗಿ ಬಂತು, ಕಬ್ಬಿನ ಹಾಲು ಕಾಯ್ಸಿದ ಆ ಹೊಗೆ ಪರಿಮಳ ಕೋಸಿಗೆ ಹಿಡ್ಕೊಂಡಿತ್ತು. ಲಿಂಗೊನ್ ಬಾಟ್ಲಿ ನಾನೇ ತಗೊಂಡು ಹೋಗಿದ್ದೆ, ಅದಿಲ್ದೆ ಇರೋರು ಕವಳೆ ಹಣ್ಣಿಗೆ ಸಕ್ಕರೆ ಹಾಕಿ ಒಂದು ಕುದಿ ಬರಿಸಿ ಇಟ್ಕೊಳಿ.

ಕೋಸು ಹುರಿಯೋವಾಗ ಅಮ್ಮ ಎರಡು ಸಲ ಬಂದು ಇಣುಕಿ ನೋಡಿದ್ರು. "ಸೀದೋಗುತ್ತೆ ಕಣೇ, ನೀರು ಚಿಮುಕಿಸು" ಅಂದ್ರು. "ಇಲ್ಲಮ್ಮ, ಇರು" ಅಂದೆ. "ಕೋಸಿಗೆ ಇಷ್ಟು ಹೊತ್ತಾ? ಗ್ಯಾಸು ಖಾಲಿ ಆಗುತ್ತೆ" ಅಂತ ಗೊಣಗ್ಕೊಂಡು ಹೋದ್ರು. ಬೆಲ್ಲ ಬಿದ್ದ ಮೇಲೆ ಮೂರನೇ ಸಲ ಬಂದ್ರು, ಈ ಸಲ ಏನೂ ಹೇಳ್ಲಿಲ್ಲ, ಬಾಣಲೆಯಿಂದ ಒಂದು ತುಂಡು ಎತ್ತಿ ಊದಿ ಬಾಯಿಗೆ ಹಾಕ್ಕೊಂಡ್ರು, ಆಮೇಲೆ ಇನ್ನೊಂದು. ರಾತ್ರಿ ಊಟಕ್ಕೆ ಅಪ್ಪ ಇದನ್ನ ಅಕ್ಕಿ ರೊಟ್ಟಿ ಜೊತೆ ತಿಂದ್ರು, ಆಲೂಗಡ್ಡೆ ಪಕ್ಕಕ್ಕಿಟ್ಟು, ಮೇಲೆ ಹಸಿಮೆಣಸಿನಕಾಯಿ ಕಚ್ಚಿಕೊಂಡು. ಅದೂ ಚೆನ್ನಾಗೇ ಹೊಂದಿತ್ತು.

ಮಾಡೋದಾದ್ರೆ ಸ್ವಲ್ಪ ಜಾಸ್ತಿನೇ ಮಾಡಿ. ಮಾರನೇ ದಿನ ತಣ್ಣಗಾದ ಪುಡ್ಡಿಂಗನ್ನ ಬೆರಳು ದಪ್ಪ ಕುಯ್ದು ಕಾವಲಿ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಮಾಡಿದ್ರೆ ಮೊದಲ ದಿನದ್ದಕ್ಕಿಂತ ರುಚಿ. ನಿನ್ನೆ ಮಾಡಿದ್ದು ಎರಡು ತುಂಡು ಉಳಿದಿದೆ, ಮಗ ಸ್ಕೂಲಿಂದ ಬರೋ ಹೊತ್ತಿಗೆ ಹುರಿದಿಡ್ಬೇಕು. ಅಜ್ಜಿಯ ಓವನ್ ಪಾತ್ರೆ ಇನ್ನೂ ನಮ್ಮನೇಲೇ ಇದೆ, ನೀಲಿ ಅಂಚಿನ ಹಳೇ ಪಿಂಗಾಣಿ ಪಾತ್ರೆ, ಇಟ್ಕೋ ಅಂದ್ರು, ನಾನು ಒಪ್ಲಿಲ್ಲ. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ನಮ್ಮಲ್ಲಿದೆ ಅಂದೆ, ಅವರಿಗೆ ತುಂಬ ಖುಷಿಯಾಯ್ತು. ಭಾನುವಾರ ಅದರ ತುಂಬ ಕೈಮ ಉಂಡೆ ಸಾರು ಮಾಡ್ಕೊಂಡು ಹೋಗ್ತಿದೀನಿ, ಈರುಳ್ಳಿ ಪೂರ್ತಿ ಕೆಂಪಗೆ ಹುರಿದು, ಖಾರ ಸ್ವಲ್ಪ ಕಮ್ಮಿ ಹಾಕಿ.